ಹೊಗೆ ಡ್ರಮ್ಮಿಗೊಂದು ಸ್ಟ್ಯಾಂಡು

ಮೂಡಲಗಿಯ ಸೋಮಪ್ಪನಿಗೆ ದೇವರು ಎರಡು ಕೈ ಕೊಟ್ಟಿದ್ದ, ಬೀಗರು ನಟ್ಟುಬೋಲ್ಟು ಬಿಗಿಯುವ ಒಂದು ಪಾನಾ ಸೆಟ್ಟು ಕೊಟ್ಟಿದ್ದರು. ಇವೆರಡನ್ನೂ ಕೂಡಿಸಿ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಬಿಚ್ಚಿ ಜೋಡಿಸಿದ ಟೇಬಲ್ ಫ್ಯಾನು ಗಾಳಿಯನ್ನು ಗೋಡೆಯ ಕಡೆಗೆ ಬೀಸುತ್ತಿತ್ತು. ಅವನ ಕೈ ತಾಗಿದ ಹೊಲಿಗೆ ಯಂತ್ರ ಹೊಲಿಯುವುದನ್ನು ಬಿಟ್ಟು ಬಟ್ಟೆ ತಿನ್ನುವುದನ್ನು ಕಲಿತಿತ್ತು. ಪ್ರತಿ ರಿಪೇರಿಯ ಕೊನೆಗೂ ಒಂದೋ ಎರಡೋ ಬೋಲ್ಟು ಉಳಿಯುತ್ತಿದ್ದವು. ಅವನ್ನು ಸೋಮಪ್ಪ ಹಳೆಯ ಉಪ್ಪಿನಕಾಯಿ ಭರಣಿಯಲ್ಲಿ ಜೋಪಾನವಾಗಿಟ್ಟು, "ಇವು ಕಂಪನಿಯವರು ಹೆಚ್ಚಿಗಿ ಕೊಟ್ಟಿದ್ದು" ಎನ್ನುತ್ತಿದ್ದ. ಭರಣಿ ಈಗ ಕುತ್ತಿಗೆಯವರೆಗೆ ತುಂಬಿತ್ತು. ಕಂಪನಿಯವರ ಧಾರಾಳತನವನ್ನು ಮೆಚ್ಚಲೇಬೇಕು.

ಹೀಗಿರುವಾಗ ಸೋಮಪ್ಪನ ತಾಯಿ ಚನ್ನವ್ವ ಊಟ ಬಿಟ್ಟಳು.

ಬಿಟ್ಟಳು ಅಂದರೆ ಸಿಟ್ಟಿನಿಂದ ಬಿಟ್ಟದ್ದಲ್ಲ. ಹೋದ ಮಳೆಗಾಲದಲ್ಲಿ ಆಕೆಗೆ ಕೆಮ್ಮು ಹತ್ತಿತ್ತು. ಘಟಪ್ರಭೆಯ ಡಾಕ್ಟರು, "ಅಜ್ಜಿ ಇನ್ನ ಹೊಗಿ ಮುಂದ ಕುಂದ್ರಬಾರದು ನೋಡ್ರಿ" ಎಂದು ಕಟ್ಟಪ್ಪಣೆ ಮಾಡಿದರು. ಸೋಮಪ್ಪ ಮರುದಿನವೇ ಕಟ್ಟಿಗೆಯ ಒಲೆ ಒಡೆಸಿ ಗ್ಯಾಸು ಇಡಿಸಿದ. ಕೆಮ್ಮು ಹೋಯಿತು. ಅದರ ಬೆನ್ನು ಹತ್ತಿ ಹಸಿವೆಯೂ ಹೋಯಿತು.

"ಇದಕ್ಕೇನ ರುಚಿ ಐತೋ ಯಪ್ಪಾ?" ಎಂದು ಚನ್ನವ್ವ ಗಂಗಾಳ ಸರಿಸುತ್ತಿದ್ದಳು. "ಗ್ಯಾಸಿನ ಮ್ಯಾಲ ಸುಟ್ಟ ಬದನಿಕಾಯಿ ಅಂದ್ರ ನೀರಾಗ ನೆನಸಿದ ಅರಬಿ ಇದ್ದಂಗ ಐತಿ. ಹೊಗಿ ಇಲ್ಲ, ಏನಿಲ್ಲ. ಬರೇ ದವಾಖಾನಿ ಊಟ."

ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು, ಈಗ ಒಂದು ಬಟ್ಟಲು ಗಂಜಿಗೆ ಬಂದು ನಿಂತಿತ್ತು. ಕುಪ್ಪಸದ ತೋಳು ಸಡಿಲಾಗಿ ಜೋತು ಬಿದ್ದವು. ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, "ರೋಗಾ ಏನಿಲ್ಲ. ಹೆಂಗರ ಮಾಡಿ ಉಣಸ್ರಿ, ಇಲ್ಲಂದ್ರ ಕಠಿಣ ಐತಿ" ಎಂದರು. ಸೋಮಪ್ಪನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಒಲೆ ಹೂಡಿದರೆ ಕೆಮ್ಮು, ಹೂಡದಿದ್ದರೆ ಉಪವಾಸ. ಅತ್ತ ದರಿ, ಇತ್ತ ಪುಲಿ.

ಆಗ ಅವನ ಕೈಗೆ ಬಂದದ್ದು ಒಂದು ವೀಡಿಯೊ. ದೊಡ್ಡ ಟೊಪ್ಪಿಗೆಯ ವಿದೇಶಿಯೊಬ್ಬ ತನ್ನ ಹಿತ್ತಲಿನಲ್ಲಿ ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿದ ಕಬ್ಬಿಣದ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸುತ್ತಿದ್ದ. ಒಳಗೆ ಏನು ಬೇಯುತ್ತಿತ್ತೆಂದು ಲಿಂಗವಂತನಾದ ಸೋಮಪ್ಪ ನೋಡಲಿಲ್ಲ, ಆ ಹೊತ್ತಿಗೆ ಕಣ್ಣು ಮುಚ್ಚಿಕೊಂಡ. ಹೊಗೆಯನ್ನು ಮಾತ್ರ ಕಣ್ಣು ತುಂಬ ನೋಡಿದ. ಮುಚ್ಚಳ ಹಾಕಿದರೆ ಹೊಗೆಯೆಲ್ಲ ಒಳಗೇ ಸುತ್ತಿ ಪದಾರ್ಥಕ್ಕೆ ಹತ್ತುತ್ತಿತ್ತು, ಉಳಿದದ್ದು ಚಿಮಣಿ ಹಿಡಿದು ಮೇಲೆ ಹೋಗುತ್ತಿತ್ತು. ಬದನೆಕಾಯಿಗೆ ಹೊಗೆ, ಅವ್ವನ ಎದೆಗೆ ಒಳ್ಳೆಯ ಗಾಳಿ! ಅಂದೇ ಆರ್ಡರು ಹೋಯಿತು. ಡ್ರಮ್ಮು ಒಂದು ಪೆಟ್ಟಿಗೆಯಲ್ಲಿ, ಅದರ ಸ್ಟ್ಯಾಂಡು ಬಿಡಿಬಿಡಿಯಾಗಿ ಇನ್ನೊಂದು ಪೆಟ್ಟಿಗೆಯಲ್ಲಿ ಬಂದವು.

ಓಣಿಯ ಮೂಲೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಭೀಮಶಿ ಪೆಟ್ಟಿಗೆ ನೋಡಿದವನೇ ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ. "ಸೋಮಪ್ಪಣ್ಣ, ಕೊಡ್ರಿಲ್ಲೆ. ಚಾ ಕುಡಿಯೂದರಾಗ ಜೋಡಿಸಿ ಕೊಡ್ತೇನಿ."

"ಬ್ಯಾಡೋ ಭೀಮಶಿ. ಇದು ನಮ್ಮವ್ವಂದು. ನನ್ನ ಕೈಯಿಂದನ ಆಗಬೇಕು."

"ನೀವು ಜೋಡಿಸಿ, ಅದು ನಿಂತರ ಹೇಳಿ ಕಳಸ್ರಿ. ಮಾಲಿ ತಗೊಂಡ ಬಂದು ನಿಮ್ಮ ಕೊಳ್ಳಾಗ ಹಾಕತೇನಿ."

ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಸೋಮಪ್ಪ ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿಸಿಕೊಂಡು ಮನೆಗೆ ಬಂದ. ಇನ್ನು ಬೇರೆಯವರ ಸಹಾಯ ಕೇಳುವುದೆಂದರೆ ಮೂಗು ಕೊಯ್ದು ಕೈಗೆ ಕೊಟ್ಟಂತೆ.

ಆಟೋದವನು ಸ್ಟ್ಯಾಂಡಿನ ಪೆಟ್ಟಿಗೆಯನ್ನು ಹಿತ್ತಲ ಗೋಡೆಗೆ ಆನಿಸಿ ನಿಲ್ಲಿಸಿ ಹೋಗಿದ್ದ. ಪೆಟ್ಟಿಗೆಯ ಮೇಲೆ ಸ್ಟ್ಯಾಂಡಿನ ಚಿತ್ರವಿತ್ತು, ಚಿತ್ರದ ಸುತ್ತ ಚೀನಾದ ಅಕ್ಷರಗಳಿದ್ದವು. ಚೀನಾದ ಅಕ್ಷರ ಕಾಲ ಮೇಲೆ ನಿಂತಿದೆಯೋ ತಲೆಯ ಮೇಲೆ ನಿಂತಿದೆಯೋ ಎಂದು ಹೇಳಬಲ್ಲ ಪಂಡಿತರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಹೇಗೆ ನಿಂತಿತ್ತೋ ಹಾಗೆಯೇ ಚಿತ್ರ ನೋಡಿ, ಚಿತ್ರ ಹೇಗಿತ್ತೋ ಹಾಗೆಯೇ ಸೋಮಪ್ಪ ಜೋಡಿಸಿದ. ಎಂದೂ ಇಲ್ಲದ ನಿಷ್ಠೆಯಿಂದ ಜೋಡಿಸಿದ. ಕೆಳಗೆ ನೆಲಕ್ಕೆ ಹತ್ತಿದ ಎರಡು ಕಮಾನು, ನಡುವೆ ಕಬ್ಬಿಣದ ಪಟ್ಟಿಗಳ ಹಲಗೆ, ಹಲಗೆಯ ನಾಲ್ಕು ಮೂಲೆಯಿಂದ ಆಕಾಶ ನೋಡುತ್ತ ನಿಂತ ನಾಲ್ಕು ಕಂಬ.

"ಇದರಾಗ ಡ್ರಮ್ಮು ಎಲ್ಲೆ ಕುಂದ್ರತೈತ್ರಿ?" ಎಂದು ಹೆಂಡತಿ ಭಾಗ್ಯಾ ಕೇಳಿದಳು.

"ಕಂಬದ ನಡುವ."

ಡ್ರಮ್ಮು ಕಂಬದ ನಡುವೆ ಇಳಿಯಲೊಲ್ಲದು. ಓರೆ ಮಾಡಿ ತುರುಕಿದರೆ ಉರುಳಿ ಬಿದ್ದು ಬಚ್ಚಲವರೆಗೆ ಹೋಗಿ ನಿಲ್ಲುತ್ತಿತ್ತು. ಸೋಮಪ್ಪ ಕಂಬ ಸಡಿಲು ಮಾಡಿ ನೋಡಿದ, ಬಿಗಿ ಮಾಡಿ ನೋಡಿದ, ಕಂಪನಿಯವರನ್ನು ಬೈದು ನೋಡಿದ. ಅವ್ವನಿಗೆ ಗೊತ್ತಾಗಬಾರದೆಂದು ಕೆಲಸ ಮುಗಿದ ಮೇಲೆ ಅದಕ್ಕೊಂದು ಬಿಳಿಯ ಚಾದರ ಹೊದಿಸುತ್ತಿದ್ದ. ಚನ್ನವ್ವ ಪಡಸಾಲೆ ಬಿಟ್ಟು ಹಿತ್ತಲಿಗೆ ಬರುವುದು ಅಪರೂಪ. ಗುಟ್ಟು ಉಳಿಯಿತು, ಅಂದರೆ ಆಕೆಯೊಬ್ಬಳ ಮಟ್ಟಿಗೆ ಉಳಿಯಿತು.

ಒಂದು ದಿನ, ಹಲಗೆಯಾದರೂ ಗಟ್ಟಿಯಿದೆಯೋ ಇಲ್ಲವೋ ನೋಡೋಣವೆಂದು ಸೋಮಪ್ಪ ತಾನೇ ಹತ್ತಿ, ನಾಲ್ಕು ಕಂಬದ ನಡುವೆ ಪದ್ಮಾಸನ ಹಾಕಿ ಕೂತ. ಪಟ್ಟಿ ಕಿರುಗುಟ್ಟಿದಾಗ ದೇವರನ್ನು ನೆನೆದು ಕಣ್ಣು ಮುಚ್ಚಿದ. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯ ಮರೆವ್ವ ಅರಬಿ ಒಣಹಾಕಲು ಬಂದವಳು ಗೋಡೆಯ ಮೇಲಿಂದ ಇಣುಕಿದಳು.

ಲಿಂಗವಂತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸಿ ಒಯ್ಯುವುದಿಲ್ಲ. ನಾಲ್ಕು ಕಂಬದ ವಿಮಾನ ಕಟ್ಟಿ, ಚೆಂಡುಹೂವಿನಿಂದ ಸಿಂಗರಿಸಿ, ಅದರೊಳಗೆ ಕೂಡಿಸಿ, ಭಜನೆಯೊಂದಿಗೆ ಮೆರೆಸುತ್ತ ಒಯ್ದು ಮಣ್ಣು ಮಾಡುತ್ತಾರೆ. ಮರೆವ್ವ ತನ್ನ ಆಯುಷ್ಯದಲ್ಲಿ ಬೇಕಾದಷ್ಟು ವಿಮಾನ ನೋಡಿದ್ದಳು. ಆದರೆ ಅದರಲ್ಲಿ ಕೂತು ಅಳತೆ ನೋಡುವ ಮಗನನ್ನು ಇದೇ ಮೊದಲು ನೋಡಿದ್ದು.

"ಯಪ್ಪಾ ಸೋಮಪ್ಪಾ, ಏನ ಮಾಡಾಕತ್ತೀಯೋ?"

ಸೋಮಪ್ಪ ಗಡಬಡಿಸಿ ಕೆಳಗಿಳಿದು ತುಟಿಗೆ ಬೆರಳಿಟ್ಟ. "ಸಾವಕಾಶ ಮಾತಾಡ್ರಿ ಕಾಕು. ಅವ್ವಗ ಕೇಳತೈತಿ."

"ಇದು ಯಾರ ಸಲುವಾಗಿ?"

"ಮತ್ತ್ಯಾರ ಸಲುವಾಗಿ? ಅವ್ವನ ಸಲುವಾಗಿ. ಊಟಾನ ಬಿಟ್ಟಾಳ, ನೋಡೀರೆಲ್ಲ. ಎಷ್ಟ ದಿವಸ ಅಂತ ಸುಮ್ಮ ಕುಂದ್ರೂದು?"

ಮರೆವ್ವನ ಕೈಯೊಳಗಿನ ಹಸಿ ಸೀರೆ ನೆಲಕ್ಕೆ ಬಿತ್ತು. "ಯಾವಾಗೋ?"

"ಬರೂ ಸೋಮವಾರ. ಬಸವಣ್ಣನ ವಾರ, ಚಲೋ ದಿವಸ ಐತಿ. ಅಷ್ಟರಾಗ ಎಲ್ಲಾ ಮುಗಸಬೇಕಂತ ಮಾಡೇನಿ. ಅವ್ವಗ ಮಾತ್ರ ಹೇಳಬ್ಯಾಡ್ರಿ ಮತ್ತ."

ಮರೆವ್ವ ಮಾತು ಕೊಟ್ಟಳು, ಕೊಟ್ಟ ಮಾತು ಉಳಿಸಿಕೊಂಡಳು. ಚನ್ನವ್ವನ ಮುಂದೆ ಚಕಾರ ಎತ್ತಲಿಲ್ಲ. ಉಳಿದ ಊರಿಗೆ ಹೇಳಬಾರದೆಂದು ಸೋಮಪ್ಪ ಹೇಳಿರಲಿಲ್ಲ.

ಅಂದಿನಿಂದ ಚನ್ನವ್ವನ ಮನೆಗೆ ಜನ ಬರತೊಡಗಿದರು. ಎದುರು ಮನೆಯ ಅಕ್ಕವ್ವ ಎಂದೋ ಕಡ ಒಯ್ದಿದ್ದ, ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ತಂದಿಟ್ಟು, "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ" ಎಂದು ಕಾಲಿಗೆ ಬಿದ್ದಳು. ನೀರಿನ ನಳದ ಮುಂದೆ ಚನ್ನವ್ವನೊಡನೆ ಜಗಳಾಡಿ ಮಾತು ಬಿಟ್ಟವರು ಬಂದು ತಾವಾಗಿ ಮಾತಾಡಿಸಿದರು. ಎಲ್ಲರೂ ಹೋಗುವಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಊರಿಗೆ ಏನ ಬಡದೈತೆ ಭಾಗ್ಯಾ?" ಎಂದು ಚನ್ನವ್ವ ಸೊಸೆಯನ್ನು ಕೇಳಿದಳು. "ಎಲ್ಲಾರೂ ಒಮ್ಮೆಲೆ ಶಾಣ್ಯಾ ಆಗ್ಯಾರಲ್ಲ."

ಸೋಮಪ್ಪ ಲೆಕ್ಕ ಬರೆಯುವ ಗೊಬ್ಬರದ ಅಂಗಡಿಗೆ ವಾರ್ಡಿನ ಮೆಂಬರ್ ಪರಸಪ್ಪ ಬಂದ. ಪರಸಪ್ಪನಿಗೆ ಜನಸೇವೆಯ ಹುಚ್ಚು. ಯಾರ ಮನೆಯಲ್ಲಿ ತೊಟ್ಟಿಲು ತೂಗಲಿ, ಯಾರ ಮನೆಯಲ್ಲಿ ಕಣ್ಣೀರು ಹರಿಯಲಿ, ಮೊದಲು ಪರಸಪ್ಪನ ಫ್ಲೆಕ್ಸು, ಹಿಂದಿನಿಂದ ಪರಸಪ್ಪ. ಬಂದವನು ಯೂರಿಯಾ ಚೀಲದ ಪಕ್ಕ ನಿಂತು ದನಿ ತಗ್ಗಿಸಿದ.

"ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು ಸೋಮಪ್ಪಣ್ಣ. ಜಾಗಾ ನೋಡೀರೇನು?"

"ಜಾಗಾ ಏನ ನೋಡೂದ್ರಿ ಮೆಂಬರ್ ಸಾಹೇಬ್ರ? ಹಿತ್ತಲ ಐತೆಲ್ಲ."

"ಮನೀ ಹಿತ್ತಲದಾಗ? ಹೊಲದಾಗ ಮಾಡಿದ್ರ ಚಲೋ ಇರತಿತ್ತು."

"ಹೊಲ ದೂರ ಆಗತೈತ್ರಿ. ಹಿತ್ತಲದಾಗ ಇದ್ರ ಅಡಗಿಮನಿಗೆ ಸನೇಕ ಆಗತೈತಿ."

ಪರಸಪ್ಪ ಫೋನು ಹೊರತೆಗೆದ. "ಆತು, ನಿಮ್ಮ ಮರ್ಜಿ. ತೆಗ್ಗು ತಗ್ಯಾಕ ಜೆಸಿಬಿ ಕಳಸ್ತೇನಿ."

"ತೆಗ್ಗು ಯಾಕ್ರಿ? ಇದ್ದಲಿ ತರಿಸೇನಿ. ಜಾಲಿ ಕಟ್ಟಿಗಿನೂ ಹೇಳೇನಿ."

"ಇದ್ದಲಿ! ಕಟ್ಟಿಗಿ!"

"ಹೌದ್ರಿ. ಆದ್ರ ಉರಿ ದೊಡ್ಡದ ಆಗಬಾರದು. ದೊಡ್ಡದ ಆದ್ರ ಮ್ಯಾಲ ಕರಕಲ, ಒಳಗ ಹಸಿ. ಸಾವಕಾಶ, ಮುಚ್ಚಳಾ ಹಾಕಿ ಮಾಡಬೇಕಂತ. ನಾ ವೀಡಿಯೊ ನೋಡೇನ್ರಿ."

ಪರಸಪ್ಪ ಯೂರಿಯಾ ಚೀಲದ ಮೇಲೆ ಕುಸಿದು ಕೂತ. ಮಣ್ಣು ಮಾಡುವ ಕುಲದವನು ತಾಯಿಯನ್ನು ಸುಡುವುದೇ ಒಂದು, ಅದನ್ನು ವೀಡಿಯೊ ನೋಡಿ ಕಲಿಯುವುದು ಇನ್ನೊಂದು. ಆದರೂ ಅವನು ಧೈರ್ಯಗುಂದಲಿಲ್ಲ. ನೆಟ್ಟಗೆ ಫ್ಲೆಕ್ಸಿನ ಅಂಗಡಿಗೆ ಹೋದ.

ಸುದ್ದಿಯ ಪ್ರಯಾಣ ಹೀಗೆ ಆಯಿತು. ಮೂಡಲಗಿಯಿಂದ ಹೊರಟಾಗ ಅದರಲ್ಲಿ ಚನ್ನವ್ವನಿಗೆ ಉಸಿರಿತ್ತು. ಗೋಕಾಕ ಮುಟ್ಟುವಷ್ಟರಲ್ಲಿ ಉಸಿರು ಮೇಲೆ ಹತ್ತಿತ್ತು. ಹುಕ್ಕೇರಿಯಲ್ಲಿದ್ದ ಮಗಳು ಅನ್ನಪೂರ್ಣಾಳ ಕಿವಿಗೆ ಬಿದ್ದಾಗ ಹೋಗಿಯೇ ಬಿಟ್ಟಿತ್ತು. ಆಕೆ ಅಣ್ಣನಿಗೆ ಫೋನು ಹಚ್ಚಿದಳು, ಅಣ್ಣ ಎತ್ತಲಿಲ್ಲ. ಅಂದು ಸೋಮವಾರ ಬೆಳಿಗ್ಗೆ ಅಣ್ಣ ಜಾಲಿ ಕಟ್ಟಿಗೆ ತರಲು ಕಟ್ಟಿಗೆಯ ಅಡ್ಡೆಗೆ ಹೋಗಿದ್ದ, ಫೋನು ಮನೆಯ ಗೂಟಕ್ಕೆ ತೂಗುಹಾಕಿದ ಅಂಗಿಯ ಕಿಸೆಯಲ್ಲಿತ್ತು. ತಾಯಿ ಸತ್ತ ದಿನ ಫೋನು ಎತ್ತಲು ಯಾರಿಗೆ ಮನಸ್ಸಾದೀತೆಂದು ಅನ್ನಪೂರ್ಣಾ ಇನ್ನಷ್ಟು ಅತ್ತಳು. ಕಣಗಲಾದಲ್ಲಿದ್ದ ಚನ್ನವ್ವನ ತಮ್ಮ ಉದ್ದಪ್ಪ ತನ್ನ ಭಜನಾ ಮಂಡಳಿಯನ್ನು ತಾಳ ತಂಬೂರಿ ಸಮೇತ ಟೆಂಪೋದಲ್ಲಿ ತುಂಬಿಕೊಂಡು, ಹಾದಿಯಲ್ಲಿ ಹುಕ್ಕೇರಿಗೆ ಹೊಕ್ಕು ಅಕ್ಕನ ಮಗಳು ಅನ್ನಪೂರ್ಣಾಳನ್ನೂ ಹತ್ತಿಸಿಕೊಂಡು ಬಂದ.

ಅನ್ನಪೂರ್ಣಾ ಓಣಿಯ ತುದಿಯಿಂದಲೇ ರಾಗ ತೆಗೆದಳು. ಸೆರಗು ಮೋರೆಯ ಮೇಲೆ, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಹೊಸ್ತಿಲಲ್ಲಿ ಕೈಗೆ ಸಿಕ್ಕವರ ಕೊರಳು ಬಿಗಿದಪ್ಪಿಕೊಂಡಳು. ಸಿಕ್ಕವಳು ಚನ್ನವ್ವ. ಮಗಳು ಅಳುತ್ತ ಬಂದಳೆಂದರೆ ಬೀಗರ ಮನೆಯಲ್ಲಿ ಆಗಬಾರದ್ದು ಆಗಿದೆ ಎಂದುಕೊಂಡು ಆಕೆಯೂ ದನಿ ಎತ್ತಿದಳು. ತಾಯಿಮಗಳಿಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮನಸಾರೆ ಅತ್ತರು. ಇದನ್ನು ಕಂಡು ಎದುರು ಮನೆಯ ಅಕ್ಕವ್ವನೂ ಅತ್ತಳು.

"ನಿಮ್ಮತ್ತಿ ಭಾಳ ಚಲೋ ಹೆಣ್ಮಗಳ ಇದ್ದಳವ್ವಾ!" ಎಂದಳು ಚನ್ನವ್ವ.

"ಅತ್ತಿಗೇನಾಗೇತಿ?" ಅನ್ನಪೂರ್ಣಾ ಮೂಗು ಒರೆಸಿಕೊಂಡಳು. "ಆಕಿ ಮನ್ಯಾಗ ಕಲ್ಲಗುಂಡಿನಂಗ ಕುಂತಾಳ."

"ಹಂಗಾರ ಹೋದಾವ್ರು ಯಾರು?"

ಅನ್ನಪೂರ್ಣಾ ಕಣ್ಣು ತೆರೆದಳು. ಆಕೆ ಕಿರುಚಿದ ಅಬ್ಬರಕ್ಕೆ ಟೆಂಪೋದೊಳಗಿನ ತಂಬೂರಿ ತಾನಾಗಿ ನುಡಿಯಿತೆಂದು ಜನ ಇಂದಿಗೂ ಹೇಳುತ್ತಾರೆ.

ಅಷ್ಟರಲ್ಲಿ ಪರಸಪ್ಪನ ಹುಡುಗರು ಬಾಗಿಲಿಗೆ ಫ್ಲೆಕ್ಸು ಕಟ್ಟಿದರು. ಅದರ ಮೂಲೆಯಲ್ಲಿ ಚನ್ನವ್ವನ ಚಿಕ್ಕ ಫೋಟೋ ಇತ್ತು, ನಡುವೆ ಕೈ ಮುಗಿದ ಪರಸಪ್ಪನ ದೊಡ್ಡ ಫೋಟೋ ಇತ್ತು. ಚನ್ನವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಇಂಥ ಫ್ಲೆಕ್ಸು ಯಾವಾಗ ಕಟ್ಟುತ್ತಾರೆಂದು ಗೊತ್ತಿತ್ತು. ಹತ್ತಿರ ಹೋಗಿ ದಿಟ್ಟಿಸಿದಳು.

"ಇದರಾಗ ಸತ್ತಾವ್ರು ಯಾರೋ ಪರಸಪ್ಪಾ? ಈ ದೊಡ್ಡ ಫೋಟೋದಾಂವನೇನು?"

ಪರಸಪ್ಪ ಫ್ಲೆಕ್ಸಿಗೆ ಅಡ್ಡ ಬಂದು ನಿಲ್ಲುವುದರೊಳಗೆ ಮನೆಯ ಬಾಜೂದ ಸಂದಿಯಿಂದ "ಹಿಡೀರಿ, ತಿರವ್ರಿ, ತಗಡಿಗೆ ಬಡೀತು" ಎಂಬ ಗದ್ದಲ ಕೇಳಿತು. ಉದ್ದಪ್ಪ ಮುಂಬಾಗಿಲಿಗೆ ಬರದೆ, ತನ್ನ ಮಂಡಳಿಯೊಡನೆ ಸಂದಿ ಹಿಡಿದು ನೇರ ಹಿತ್ತಲಿಗೆ ಹೋಗಿದ್ದ. ಹೂ ಕಟ್ಟುವ ಸಲುವಾಗಿ ವಿಮಾನವನ್ನು ಅಂಗಳಕ್ಕೆ ತರುತ್ತಿದ್ದ. ಸಂದಿಯ ಮೇಲೆ ಬಾಗಿದ ತಗಡಿಗೆ ನಾಲ್ಕೂ ಕಂಬ ಸಿಕ್ಕಿಬಿದ್ದಿದ್ದಕ್ಕೆ ಅದನ್ನು ತಲೆಕೆಳಗು ಮಾಡಿ ಹಿಡಿದು ಹೊರಬಂದರು. ಅಂಗಳಕ್ಕೆ ಬಂದ ಉದ್ದಪ್ಪ ತಲೆ ಎತ್ತಿದ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ಅಕ್ಕ ನಿಂತಿದ್ದಳು.

"ಅಕ್ಕಾ!"

"ಏನೋ ಇದು ಉದ್ದ್ಯಾ?"

"ವಿಮಾನಾ."

"ಯಾರಿಗೆ?"

ಉದ್ದಪ್ಪನ ಕೈ ಸಡಿಲಾಯಿತು. ಉಳಿದ ಮೂವರೂ ಕೈ ಬಿಟ್ಟರು. ಸ್ಟ್ಯಾಂಡು ಧೊಪ್ಪನೆ ಅಂಗಳಕ್ಕೆ ಬಿತ್ತು. ಬಿದ್ದರೂ ಉರುಳಲಿಲ್ಲ. ನಾಲ್ಕು ಕಾಲೂರಿ ನೆಟ್ಟಗೆ ನಿಂತಿತು.

ಅದೇ ಹೊತ್ತಿಗೆ ಸೈಕಲ್ಲಿನ ಹಿಂದೆ ಜಾಲಿ ಕಟ್ಟಿಗೆಯ ಹೊರೆ ಕಟ್ಟಿಕೊಂಡು ಸೋಮಪ್ಪ ಬಂದ. ಉದ್ದಪ್ಪನ ದುಃಖ ಸಿಟ್ಟಿಗೆ ತಿರುಗಿತು. "ಕಟ್ಟಿಗಿ ತಂದ್ಯೇನೋ! ನಮ್ಮ ಮನೆತನದಾಗ ಯಾರನ್ನರ ಸುಟ್ಟಾರೇನೋ? ಅದೂ ಜೀವಂತ ಇದ್ದಾಕಿನ್ನ?"

ಸೋಮಪ್ಪನಿಗೆ ಸೋದರಮಾವ ಕಾಣಲಿಲ್ಲ, ಮಂಡಳಿ ಕಾಣಲಿಲ್ಲ, ಫ್ಲೆಕ್ಸೂ ಕಾಣಲಿಲ್ಲ. ಸ್ಟ್ಯಾಂಡಷ್ಟೇ ಕಂಡಿತು. ನೆಲದಲ್ಲಿ ನಾಲ್ಕು ಕಾಲು, ನಡುವೆ ಕಟ್ಟಿಗೆ ಇಡುವ ಹಲಗೆ, ಮೇಲೆ ತೊಟ್ಟಿಲಿನ ಹಾಗೆ ಬಾಯಿ ತೆರೆದ ಎರಡು ಕಮಾನು.

"ನಿಂತತು!" ಎಂದು ಚೀರಿ ಸೈಕಲ್ಲು ಕೆಡವಿ ಒಳಗೋಡಿದ. ಡ್ರಮ್ಮು ಅಪ್ಪಿಕೊಂಡು ಬಂದ. ಕಮಾನಿನ ಮೇಲೆ ಇಟ್ಟ. ಕೂಸು ತಾಯಿಯ ಮಡಿಲಲ್ಲಿ ಕೂತ ಹಾಗೆ ಡ್ರಮ್ಮು ಕೂತಿತು. "ಮಾವಾ, ಹೆಂಗ ಮಾಡಿದ್ರಿ? ನಾ ಸಾಯೂ ಮಟ ಗುದ್ದ್ಯಾಡೇನಿ, ನೀವು ಬಂದ ಗಳಿಗ್ಯಾಗ ಕುಂದ್ರಸಿದ್ರಿ!"

ಮುಂದೆ ನಡೆದ ಮಾತುಕತೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಭಾಗ್ಯಾ ಎಣ್ಣೆ ಸವರಿದ ಬದನೆಕಾಯಿಯ ಬುಟ್ಟಿ ಹಿಡಿದು ಹೊರಬಂದು, "ನಮ್ಮತ್ತಿಗೆ ಹೊಗೀ ವಾಸನಿ ಇಲ್ಲದ್ದಕ್ಕ ಊಟ ಸೇರವಲ್ದು, ಹೊಗಿ ಕುಡದ್ರ ಕೆಮ್ಮ ಬರತೈತಿ. ಅದಕ್ಕ ಈ ಡ್ರಮ್ಮು. ಇಷ್ಟ ಐತಿ" ಎಂದು ಮೂರು ಮಾತಿನಲ್ಲಿ ಮುಗಿಸಿದಳು. ಗಂಡನಾದವನು ಇದನ್ನು ಮೊದಲೇ ಹೇಳಿದ್ದರೆ ಕಣಗಲಾದ ಟೆಂಪೋದ ಡೀಸೆಲ್ಲು ಉಳಿಯುತ್ತಿತ್ತು.

ಎಲ್ಲರೂ ಮರೆವ್ವನನ್ನು ನೋಡಿದರು. ಆಕೆಯ ತಲೆಯ ಮೇಲೆ ದೊಡ್ಡ ಬುಟ್ಟಿಯಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ನೆರೆಯವರೇ ಬುತ್ತಿ ಒಯ್ಯುವುದು ಪದ್ಧತಿ. ಮರೆವ್ವ ನಸುಕಿನಲ್ಲೇ ಎದ್ದು ಇಡೀ ಓಣಿಗೆ ಆಗುವಷ್ಟು ರೊಟ್ಟಿ ಬಡಿದಿದ್ದಳು. "ತಂದದ್ದ ತಂದೇನಿ," ಎಂದು ಬುಟ್ಟಿ ಇಳಿಸಿದಳು. "ಬದನಿಕಾಯಿ ಆಗಲಿ."

ಸೋಮಪ್ಪ ಇದ್ದಿಲು ಹೊತ್ತಿಸಿ ಜಾಲಿಯ ಚಕ್ಕೆ ಹಾಕಿ ಮುಚ್ಚಳ ಮುಚ್ಚಿದ. ಡ್ರಮ್ಮು ನಿಂತದ್ದೇನೋ ನಿಂತಿತು, ಅವ್ವ ಉಣ್ಣದಿದ್ದರೆ? ಚನ್ನವ್ವ ದೂರದ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಈ ಗದ್ದಲದಿಂದ ದಣಿದು ಕಣ್ಣು ಮುಚ್ಚಿದ್ದಳು. ಚಿಮಣಿಯ ತುದಿಯಿಂದ ಸಣ್ಣಗೆ ಹೊಗೆ ಎದ್ದು ಮಾಡಿನ ಮೇಲೆ ಹಾದು ಹೋಯಿತು. ಯಾರೂ ಕೆಮ್ಮಲಿಲ್ಲ. ಭಜನಾ ಮಂಡಳಿಯವರು ಸುಮ್ಮನೆ ಕೂರಲಾರದೆ ಸಣ್ಣಗೆ ತಾಳ ಹಾಕಿದರು.

ಸ್ವಲ್ಪ ಹೊತ್ತಿಗೆ ಚನ್ನವ್ವನ ಮೂಗು ಅಲುಗಿತು. ಕಣ್ಣು ತೆರೆದು ನೆಟ್ಟಗೆ ಕೂತಳು.

"ಜಾಲಿ ಕಟ್ಟಿಗಿ ಏನೋ ಸೋಮ್ಯಾ?"

"ಹೌದವ್ವಾ."

"ಬಳ್ಳೊಳ್ಳಿ ಐತೇನ ಮನ್ಯಾಗ?"

ಭಾಗ್ಯಾ ಒಳಗೋಡಿದಳು. ಸುಟ್ಟ ಬದನೆಕಾಯಿಯ ಕಪ್ಪು ಸಿಪ್ಪೆ ಸುಲಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಹಿಚುಕಿ, ಮೇಲೊಂದಿಷ್ಟು ಹಸಿ ಎಣ್ಣೆ ಬಿಟ್ಟು, ಮರೆವ್ವನ ರೊಟ್ಟಿಯ ಮೇಲಿಟ್ಟು ಕೊಟ್ಟಳು. ಚನ್ನವ್ವ ಒಂದು ತುತ್ತು ಮುರಿದು ಬಾಯಿಗಿಟ್ಟಳು. ತಾಳ ನಿಂತಿತು. ಎರಡನೆಯ ತುತ್ತು ಮುರಿದಳು. ಮೂರನೆಯದಕ್ಕೆ, "ಎಲ್ಲಾರೂ ನನ್ನ ಬಾಯಿ ಏನ ನೋಡತೀರಿ? ಉಣ್ಣಾಕ ಕುಂದ್ರರಿ" ಎಂದು ಗದರಿದಳು. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಅನ್ನಪೂರ್ಣಾ ಮತ್ತೆ ಅಳತೊಡಗಿದಳು, ಈ ಸಲ ಕಣ್ಣು ತೆರೆದುಕೊಂಡೇ ಅತ್ತಳು. ಸೋಮಪ್ಪ ಡ್ರಮ್ಮಿನ ಹಿಂದೆ ನಿಂತು ಮೋರೆ ಒರೆಸಿಕೊಂಡು, "ಕಣ್ಣಿಗೆ ಹೊಗಿ ಹತ್ತೈತಿ" ಎಂದ. ಹೊಗೆ ಆ ಕಡೆ ಇರಲೇ ಇಲ್ಲ.

ಸಾವಿಗೆಂದು ದೊಡ್ಡ ಮಾಲೆ ತಂದಿದ್ದ ಭೀಮಶಿ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದ. ಸ್ಟ್ಯಾಂಡಿನ ಒಂದೊಂದೇ ನಟ್ಟು ಅಲುಗಿಸಿ ನೋಡಿದ. ಯಾವುದೂ ಅಲುಗಲಿಲ್ಲ. ಬಂದು ಮಾಲೆಯನ್ನು ಸೋಮಪ್ಪನ ಕೊರಳಿಗೆ ಹಾಕಿದ. ಸೋಮಪ್ಪ ಕಿಸೆಯೊಳಗೆ ಕೈಯಿಟ್ಟು, ಉಳಿದಿದ್ದ ಒಂದೇ ಒಂದು ಬೋಲ್ಟನ್ನು ಯಾರಿಗೂ ಕಾಣದಂತೆ ಇನ್ನಷ್ಟು ಒಳಗೆ ತಳ್ಳಿದ.

ಫ್ಲೆಕ್ಸು ಬಿಚ್ಚಿ, ಮೋರೆ ಕೆಳಗೆ ಮಾಡಿ ಹಾಸಿ, ಅದರ ಮೇಲೆ ಎಲ್ಲರೂ ಊಟಕ್ಕೆ ಕೂತರು. ಪರಸಪ್ಪನೂ ಕೂತ. ಊಟ ಮುಗಿದ ಮೇಲೆ ಉದ್ದಪ್ಪ ಎದ್ದು ಅಕ್ಕನ ಮುಂದೆ ಕೈ ಮುಗಿದ. "ತಪ್ಪಾತಕ್ಕಾ. ನಿನ್ನ ಕಳಸಾಕ ಬಂದಿದ್ನಿ."

ಚನ್ನವ್ವ ಬಾಯಿ ಒರೆಸಿಕೊಂಡು ಸ್ಟ್ಯಾಂಡನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಮಗನನ್ನು ಹತ್ತಿರ ಕರೆದಳು.

"ಸೋಮ್ಯಾ, ಭಾಳ ಚಲೋ ಮಾಡೀಯಪ್ಪಾ. ನಾ ಹ್ವಾದಾಗ ಇದನ್ನ ತಿರವಿ ಹಾಕಿದ್ರ ಆತು, ಬ್ಯಾರೆ ಕಟ್ಟೂದ ಬ್ಯಾಡ. ಅಲ್ಲೀ ಮಟ ಹಿಂಗ ನಿಂದ್ರಲಿ." ಆಕೆ ಗಂಗಾಳ ಮುಂದೆ ಚಾಚಿದಳು. "ಇನ್ನೊಂದ ಬದನಿಕಾಯಿ ಹಾಕ."